ಮನೆಯನ್ನು ‘ನಿಲ್ಲಿಸುವ’ ಭಾಷೆ: ಜಪಾನಿಯ ‘ತತೆರು’ ಕ್ರಿಯಾಪದದ ಅರ್ಥ ಮತ್ತು ಬಳಕೆ

2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಒಂದು ಗುರಿ ಹಾಕಿಕೊಂಡವು. ಐದು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಎರಡು ದೇಶಗಳ ನಡುವೆ ಹೋಗಿಬರಬೇಕು, ಅವರಲ್ಲಿ 50,000 ಮಂದಿ ಭಾರತದಿಂದ ಜಪಾನಿಗೆ ಹೋಗುವ ಕುಶಲಿಗಳು ಮತ್ತು ಪ್ರತಿಭಾವಂತರಾಗಿರಬೇಕು ಎಂಬುದು ಅದರ ತಿರುಳು. ಜಪಾನ್ 2019ರಲ್ಲಿ ಆರಂಭಿಸಿದ ಕುಶಲ ಕೆಲಸಗಾರರ ವೀಸಾ ವ್ಯವಸ್ಥೆಯಲ್ಲಿ ಕಟ್ಟಡ ನಿರ್ಮಾಣವೂ ಒಂದು ಕ್ಷೇತ್ರ. ಹೀಗಾಗಿ, ಜಪಾನಿ ಭಾಷೆಯ ಗಂಧಗಾಳಿ ಇಲ್ಲದಿದ್ದವರೂ ಈಗ ಅದರ ಪಠ್ಯಪುಸ್ತಕ ತೆರೆಯುವ ಕಾಲ ಬಂದಿದೆ.

ಆ ಪುಸ್ತಕಗಳಲ್ಲಿ ಬೇಗನೆ ಎದುರಾಗುವ ಕ್ರಿಯಾಪದಗಳಲ್ಲಿ ‘ತತೆರು’ ಒಂದು. ಅದರ ಅರ್ಥ ‘ಕಟ್ಟು’ ಎಂದು ಬರೆದಿರುತ್ತದೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಕನ್ನಡದ ‘ಕಟ್ಟು’ ಬಲು ಉದಾರಿ. ಮನೆ ಕಟ್ಟುತ್ತೇವೆ, ಸೇತುವೆ ಕಟ್ಟುತ್ತೇವೆ, ಕೆರೆ ಕಟ್ಟಿಸುತ್ತೇವೆ, ಸಂಘ ಕಟ್ಟುತ್ತೇವೆ, ಹಕ್ಕಿ ಗೂಡು ಕಟ್ಟುತ್ತದೆ, ಬದುಕನ್ನೂ ಕಟ್ಟಿಕೊಳ್ಳುತ್ತೇವೆ. ಜಪಾನಿಯಲ್ಲಿ ಇಷ್ಟಕ್ಕೂ ಒಂದೇ ಕ್ರಿಯಾಪದ ನಡೆಯುವುದಿಲ್ಲ. ಕಟ್ಟುತ್ತಿರುವ ವಸ್ತು ಹೇಗೆ ರೂಪ ತಳೆಯುತ್ತದೆ ಎಂಬುದನ್ನು ನೋಡಿ ಅವರು ಪದ ಆರಿಸುತ್ತಾರೆ. ಅದು ಎದ್ದು ನಿಲ್ಲುತ್ತದೆಯೇ, ಪದರದ ಮೇಲೆ ಪದರವಾಗಿ ಏರುತ್ತದೆಯೇ, ಅಡ್ಡಲಾಗಿ ಚಾಚಿಕೊಳ್ಳುತ್ತದೆಯೇ? ಈ ಎಳೆ ಕೈಗೆ ಸಿಕ್ಕರೆ ಉಳಿದದ್ದು ಸುಲಭ.

## ಬೇರಿನಲ್ಲಿರುವುದು ‘ನಿಲ್ಲು’

ಜಪಾನಿಯಲ್ಲಿ ‘ತತ್ಸು’ ಎಂದರೆ ನಿಲ್ಲು, ಎದ್ದು ನಿಲ್ಲು. ‘ತತೆರು’ ಎಂದರೆ ನಿಲ್ಲಿಸು, ನೆಟ್ಟಗೆ ನಿಲ್ಲುವಂತೆ ಮಾಡು. ಕನ್ನಡದ ‘ಏಳು–ಎಬ್ಬಿಸು’ ಜೋಡಿಯ ಹಾಗೆ ಒಂದೇ ಬೇರಿನಿಂದ ಬಂದ ಅಕರ್ಮಕ ಮತ್ತು ಸಕರ್ಮಕ ರೂಪಗಳಿವು. ಮನೆ ಕಟ್ಟುವುದಕ್ಕೆ ಜಪಾನಿಗಳು ಬಳಸುವುದು ಈ ‘ನಿಲ್ಲಿಸು’ ಎಂಬ ಪದವನ್ನೇ. ‘ಇಯೆ’ ಎಂದರೆ ಮನೆ. ‘ಇಯೆ ಒ ತತೆರು’ ಎಂದರೆ ಮನೆಯನ್ನು ಕಟ್ಟು, ಅಕ್ಷರಶಃ ಮನೆಯನ್ನು ನಿಲ್ಲಿಸು. ‘ಇಯೆ ಗ ತತ್ಸು’ ಎಂದರೆ ಮನೆ ಏಳುತ್ತದೆ. ‘ಊರಾಚೆ ಹೊಸ ಕಟ್ಟಡ ತಲೆ ಎತ್ತಿದೆ’ ಎಂದು ನಾವು ಹೇಳುವಾಗ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವೂ ಇದೇ. ವ್ಯತ್ಯಾಸ ಇಷ್ಟೇ: ಕನ್ನಡದ ‘ಕಟ್ಟು’ ಮೂಲದಲ್ಲಿ ಬಿಗಿಯುವ, ಜೋಡಿಸುವ ಕೈಕೆಲಸವನ್ನು ಹೇಳುತ್ತದೆ, ಜಪಾನಿಯ ‘ತತೆರು’ ನೆಲದಿಂದ ಮೇಲೆದ್ದ ನಿಲುವನ್ನು ಹೇಳುತ್ತದೆ.

ಮಾತಿನಲ್ಲಿ ಒಂದೇ ಆದ ಈ ಪದವನ್ನು ಬರವಣಿಗೆಯಲ್ಲಿ ಒಡೆದು ತೋರಿಸುತ್ತಾರೆ. ಜಪಾನಿ ಬರಹದಲ್ಲಿ ಚೀನಾದಿಂದ ಬಂದ ‘ಕಾಂಜಿ’ ಎಂಬ ಅರ್ಥಚಿಹ್ನೆಗಳಿವೆ. ಸಾಮಾನ್ಯವಾದ ನಿಲ್ಲಿಸುವಿಕೆಗೆ ಬಳಸುವ ಕಾಂಜಿ ನೆಲದ ಮೇಲೆ ನಿಂತ ಮನುಷ್ಯನ ಚಿತ್ರದಿಂದ ಬಂದದ್ದು. ಅದರಲ್ಲಿ ಐದೇ ಗೆರೆಗಳು, ಒಂದನೇ ತರಗತಿಯ ಮಕ್ಕಳೇ ಕಲಿಯುತ್ತಾರೆ. ಕಟ್ಟಡ ಕಟ್ಟುವ ಅರ್ಥಕ್ಕೆ ಮೀಸಲಾದ ಕಾಂಜಿ ಬೇರೆ. ಅದಕ್ಕೆ ಒಂಬತ್ತು ಗೆರೆ, ನಾಲ್ಕನೇ ತರಗತಿಯ ಪಾಠ. ಬಾವುಟ ನಿಲ್ಲಿಸುವುದು, ಗುರಿ ಇಟ್ಟುಕೊಳ್ಳುವುದು, ಯೋಜನೆ ಹಾಕುವುದು, ಸದ್ದು ಮಾಡುವುದು ಇವೆಲ್ಲ ಮೊದಲ ಚಿಹ್ನೆಯ ‘ತತೆರು’. ಸಿಟ್ಟಾಗುವುದಕ್ಕೆ ‘ಹರ ಒ ತತೆರು’, ಅಂದರೆ ‘ಹೊಟ್ಟೆಯನ್ನು ಎಬ್ಬಿಸು’, ಎನ್ನುವುದೂ ಅದೇ. ಮನೆ, ಬಹುಮಹಡಿ ಕಟ್ಟಡ, ಸ್ಮಾರಕ, ಕಂಚಿನ ಪ್ರತಿಮೆ ಇವಕ್ಕೆ ಎರಡನೆಯ ಚಿಹ್ನೆ. ಒಂದೇ ಉಚ್ಚಾರಣೆಯ ಕಾಂಜಿಗಳನ್ನು ಎಲ್ಲೆಲ್ಲಿ ಬಳಸಬೇಕೆಂದು 2014ರಲ್ಲಿ ಜಪಾನಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯ ಕಡೆಯಿಂದ ಬಂದ ಮಾದರಿ ಪಟ್ಟಿಯೂ ಕಟ್ಟಡ ಮತ್ತು ಪ್ರತಿಮೆಗಳ ಜೊತೆಗೆ ‘ದೇಶ’ವನ್ನು ಈ ಎರಡನೆಯ ಗುಂಪಿಗೇ ಸೇರಿಸುತ್ತದೆ. ಫೆಬ್ರುವರಿ 11ರಂದು ಆಚರಿಸುವ ರಾಷ್ಟ್ರ ಸ್ಥಾಪನೆಯ ದಿನದ ಹೆಸರಿನಲ್ಲಿ, ‘ಕೆಂಕೊಕು’ ಎಂಬಲ್ಲಿ, ಇರುವುದೂ ಮನೆ ಕಟ್ಟುವ ಈ ಕಾಂಜಿಯೇ.

ಕಟ್ಟಡವೇ ಇಲ್ಲದೆ ‘ತತೆರು’ವಿನ ಮೂಲ ಅರ್ಥವನ್ನು ಕಣ್ಣಾರೆ ನೋಡಬೇಕೆಂದರೆ ನಾಗಾನೊ ಪ್ರಾಂತ್ಯದ ಸುವಾ ದೇಗುಲಗಳಿಗೆ ಹೋಗಬೇಕು. ಅಲ್ಲಿ ಆರು ವರ್ಷಗಳಿಗೊಮ್ಮೆ ಕಾಡಿನಿಂದ 16 ಮರದ ದಿಮ್ಮಿಗಳನ್ನು ಎಳೆದು ತಂದು, ನಾಲ್ಕು ದೇಗುಲಗಳ ನಾಲ್ಕು ನಾಲ್ಕು ಮೂಲೆಗಳಲ್ಲಿ ನಿಲ್ಲಿಸುತ್ತಾರೆ. ದೊಡ್ಡ ದಿಮ್ಮಿಯ ಉದ್ದ ಸುಮಾರು 17 ಮೀಟರ್. ಮಲಗಿದ್ದ ದಿಮ್ಮಿ ಹಗ್ಗಗಳ ಸೆಳೆತಕ್ಕೆ ನಿಧಾನವಾಗಿ ಮೇಲೇಳುತ್ತದೆ, ಅದಕ್ಕೆ ಅಂಟಿಕೊಂಡು ಸವಾರಿ ಮಾಡುವ ಜನರೂ ಅದರೊಂದಿಗೇ ಮೇಲೇರುತ್ತಾರೆ. ಈ ವಿಧಿಯ ಹೆಸರು ‘ತತೆ-ಒಂಬಶಿರ’, ಅಂದರೆ ಪವಿತ್ರ ಕಂಬವನ್ನು ನಿಲ್ಲಿಸುವುದು. ಕಳೆದ ಸಲ ನಡೆದದ್ದು 2022ರಲ್ಲಿ. ಅಂದಹಾಗೆ, ಜಪಾನಿಯಲ್ಲಿ ದೇವರುಗಳನ್ನು ಎಣಿಸುವ ಪದವೂ ‘ಹಶಿರ’, ಅಂದರೆ ಕಂಬ. ಒಂದು ಕಂಬ, ಎರಡು ಕಂಬ ಎಂದೇ ಅವರು ದೇವತೆಗಳನ್ನು ಎಣಿಸುತ್ತಾರೆ.

## ಮನೆ ಎದ್ದು ನಿಲ್ಲುವ ದಿನ

ಮನೆಗೆ ‘ನಿಲ್ಲಿಸು’ ಎಂಬ ಪದ ಏಕೆ ಒಗ್ಗಿತು ಎಂಬುದು ಜಪಾನಿನ ಮರದ ಮನೆ ಏಳುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ಇಟ್ಟಿಗೆಯ ಮನೆ ವರಸೆ ವರಸೆಯಾಗಿ ಮೇಲೇರುತ್ತದೆ. ಇವತ್ತು ಮೊಣಕಾಲೆತ್ತರ, ಮುಂದಿನ ವಾರ ಎದೆಯೆತ್ತರ. ಕಂಬ ಮತ್ತು ತೊಲೆಗಳ ಜಪಾನಿ ಮನೆ ಹಾಗಲ್ಲ. ಪ್ರತಿಯೊಂದು ಮರದ ತುಂಡನ್ನೂ ಮೊದಲೇ ಅಳತೆಗೆ ಕೊಯ್ದು, ತುದಿಯಲ್ಲಿ ನಾಲಿಗೆ, ಎದುರಿನದರಲ್ಲಿ ಅದಕ್ಕೆ ತಕ್ಕ ರಂಧ್ರ ಕೆತ್ತಿಟ್ಟಿರುತ್ತಾರೆ. ಹಿಂದೆ ಈ ಕೆತ್ತನೆ ಬಡಗಿಯ ಕಾರ್ಯಾಗಾರದಲ್ಲಿ ನಡೆಯುತ್ತಿತ್ತು, ಈಗ ಬಹುಪಾಲು ಕಾರ್ಖಾನೆಯ ಯಂತ್ರದಲ್ಲಿ ಆಗುತ್ತದೆ. ಅಡಿಪಾಯದ ಮೇಲೆ ಅಡಿಮರ ಕೂತ ಮೇಲೆ ಒಂದು ದಿನ ಗೊತ್ತುಮಾಡುತ್ತಾರೆ. ಅಂದು ಬೆಳಿಗ್ಗೆ ಖಾಲಿಯಾಗಿದ್ದ ಜಾಗದಲ್ಲಿ ಕಂಬಗಳು ಒಂದೊಂದಾಗಿ ನಿಲ್ಲುತ್ತವೆ. ಕ್ರೇನ್ ತೊಲೆಯನ್ನು ತೂಗಿಸಿ ಇಳಿಸುತ್ತದೆ, ಮೇಲೆ ನಿಂತ ಬಡಗಿ ‘ಕಕೆಯ’ ಎಂಬ ದೊಡ್ಡ ಮರದ ಕೊಡತಿಯಿಂದ ಹೊಡೆದು ನಾಲಿಗೆಯನ್ನು ರಂಧ್ರಕ್ಕೆ ಕೂರಿಸುತ್ತಾನೆ. ಸಾಧಾರಣ ಮನೆಯಾದರೆ ಸಂಜೆಯ ಹೊತ್ತಿಗೆ ಸೂರಿನ ನೆತ್ತಿಯ ತೊಲೆ ಏರಿರುತ್ತದೆ. ಬೆಳಿಗ್ಗೆ ಬಯಲಿದ್ದ ಕಡೆ ಸಂಜೆ ಮನೆಯ ಎಲುಬುಗೂಡು ನಿಂತಿರುತ್ತದೆ.

ಈ ಕೆಲಸಕ್ಕೆ ಬಡಗಿಗಳು ಹೇಳುವ ಹೆಸರು ‘ತತೆಮಯೆ’, ‘ತತೆರು’ವಿನಿಂದಲೇ ಆದ ಪದ. ನೆತ್ತಿಯ ತೊಲೆ ಏರಿಸುವ ವಿಧಿಗೆ ‘ಮುನೆಅಗೆ’ ಎನ್ನುತ್ತಾರೆ. ನಮ್ಮಲ್ಲಿ ಮನೆ ಕಟ್ಟುವಾಗ ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಪೂಜೆ ಮಾಡಿ, ಮೇಸ್ತ್ರಿಗೆ ಎಲೆ-ಅಡಿಕೆ ಕೊಟ್ಟು, ಸಿಹಿ ಹಂಚುವುದಿಲ್ಲವೇ? ಅಂಥದೇ ಸಂಭ್ರಮ. ತಾರೀಖು ಬರೆದ ಹಲಗೆಯನ್ನು ನೆತ್ತಿಯ ತೊಲೆಗೆ ಜೋಡಿಸುತ್ತಾರೆ. ಕೆಲವು ಊರುಗಳಲ್ಲಿ ಮನೆಯ ಯಜಮಾನ ಮೇಲೇರಿ, ಕೆಳಗೆ ಸೇರಿದ ನೆರೆಹೊರೆಯವರತ್ತ ಅಕ್ಕಿಯ ಮೊಚಿ ಉಂಡೆಗಳನ್ನು ಎರಚುವ ರೂಢಿ ಇನ್ನೂ ಇದೆ. ‘ತತೆಮಯೆ’ ಎಂಬ ಪದಕ್ಕೆ ಇನ್ನೊಂದು ಬಳಕೆಯೂ ಉಂಟು. ಹೊರಗೆ ತೋರಿಸುವ ನಿಲುವು ‘ತತೆಮಯೆ’, ಒಳಗಿನ ನಿಜವಾದ ಅನಿಸಿಕೆ ‘ಹೊನ್ನೆ’. ಜಪಾನಿಗಳ ನಡುವೆ ಕೆಲಸ ಮಾಡಲು ಹೋಗುವವರು ಈ ಜೋಡಿಪದವನ್ನು ಪದೇ ಪದೇ ಕೇಳುತ್ತಾರೆ.

## ವಾಕ್ಯದಲ್ಲಿ ಬಳಸುವ ಬಗೆ

ಕನ್ನಡಿಗರಿಗೆ ಜಪಾನಿ ವಾಕ್ಯದ ಅಚ್ಚು ಪರಕೀಯವಲ್ಲ. ಕರ್ತೃ, ಕರ್ಮ, ಕೊನೆಯಲ್ಲಿ ಕ್ರಿಯಾಪದ. ‘ವತಶಿ ವ ಇಯೆ ಒ ತತೆತ’ ಎಂಬುದನ್ನು ಪದದಿಂದ ಪದಕ್ಕೆ ಇಳಿಸಿದರೆ ‘ನಾನು ಮನೆಯನ್ನು ಕಟ್ಟಿದೆ’ ಎಂದೇ ಆಗುತ್ತದೆ. ಇಲ್ಲಿನ ‘ಒ’ ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ರೂಪಗಳೂ ಸರಳ: ಕೊನೆಯ ‘ರು’ ತೆಗೆದು ಬೇಕಾದದ್ದನ್ನು ಸೇರಿಸಿದರಾಯಿತು. ತತೆಮಸು (ವಿನಯದ ರೂಪ), ತತೆತ (ಕಟ್ಟಿದೆ, ಕಟ್ಟಿದನು), ತತೆನೈ (ಕಟ್ಟುವುದಿಲ್ಲ), ತತೆತೆ (ಕಟ್ಟಿ). ಜಪಾನಿಯಲ್ಲಿ ಲಿಂಗ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗದಿರುವುದರಿಂದ ಕನ್ನಡಕ್ಕಿಂತ ಹೊರೆ ಕಡಿಮೆ.

ಎಡವುವುದು ಬೇರೆ ಮೂರು ಕಡೆ.

ಮೊದಲನೆಯದು ಜಾಗ ಹೇಳುವ ಪ್ರತ್ಯಯ. ಕನ್ನಡದಲ್ಲಿ ‘ಕ್ಯೋಟೊದಲ್ಲಿ ಕೆಲಸ ಮಾಡುತ್ತೇನೆ’, ‘ಕ್ಯೋಟೊದಲ್ಲಿ ಮನೆ ಕಟ್ಟುತ್ತೇನೆ’ ಎರಡಕ್ಕೂ ‘ಅಲ್ಲಿ’ ಸಾಕು. ಜಪಾನಿಯಲ್ಲಿ ಕ್ರಿಯೆ ನಡೆಯುವ ಜಾಗಕ್ಕೆ ‘ದೆ’, ವಸ್ತು ಇರುವ ಅಥವಾ ಹೋಗಿ ನೆಲೆಗೊಳ್ಳುವ ಜಾಗಕ್ಕೆ ‘ನಿ’. ಮನೆ ಕಟ್ಟುವುದು ಕ್ರಿಯೆಯೇ ಆದರೂ ಕಟ್ಟಿದ ಮನೆ ಅಲ್ಲೇ ನಿಂತು ಉಳಿಯುತ್ತದೆ. ಆದ್ದರಿಂದ ‘ಕ್ಯೋಟೊ ನಿ ಇಯೆ ಒ ತತೆರು’ ಎಂಬುದೇ ಸಹಜ ಪ್ರಯೋಗ. ನಿಲ್ಲಿಸುವ ಮೂಲ ಅರ್ಥ ನೆನಪಿದ್ದರೆ ಈ ‘ನಿ’ ಎಂದೂ ಮರೆಯುವುದಿಲ್ಲ: ಅಲ್ಲಿ ನಿಲ್ಲಿಸಿದ್ದು ಅಲ್ಲಿಯೇ ಇದೆ.

ಎರಡನೆಯದು ‘ಕಟ್ಟಿದೆ’ ಮತ್ತು ‘ಕಟ್ಟಿಸಿದೆ’ ನಡುವಿನ ವ್ಯತ್ಯಾಸ. ಕನ್ನಡ ಇದರಲ್ಲಿ ಕಟ್ಟುನಿಟ್ಟು. ಗಾರೆ ಕೆಲಸದವನು ಕಟ್ಟುತ್ತಾನೆ, ಯಜಮಾನ ಕಟ್ಟಿಸುತ್ತಾನೆ. ಕೋಟೆಯನ್ನು ರಾಜ ಕಟ್ಟಿಸಿದ ಎನ್ನುತ್ತೇವೆ. ಜಪಾನಿಯಲ್ಲಿ ದುಡ್ಡು ಕೊಟ್ಟು ಮನೆ ಕಟ್ಟಿಸಿದವರೂ ‘ಇಯೆ ಒ ತತೆತ’ ಎಂದೇ ಹೇಳುತ್ತಾರೆ. ಅಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೆಣಕಲು ಕೇಳುವ ಒಂದು ಒಗಟಿದೆ: ‘ಒಸಾಕಾ ಕೋಟೆಯನ್ನು ಕಟ್ಟಿದವರು ಯಾರು?’ 1583ರಲ್ಲಿ ಅದರ ಕೆಲಸ ಆರಂಭಿಸಿದ ತೊಯೊತೊಮಿ ಹಿದೆಯೊಶಿಯ ಹೆಸರು ಹೇಳಿದರೆ, ‘ಅಲ್ಲ, ಬಡಗಿಗಳು’ ಎಂದು ಉತ್ತರ ಬರುತ್ತದೆ. ಒಂದೇ ಕ್ರಿಯಾಪದ ಎರಡೂ ಅರ್ಥಕ್ಕೆ ಸಲ್ಲುವುದರಿಂದಲೇ ಈ ಒಗಟು ನಿಲ್ಲುತ್ತದೆ. ಕನ್ನಡದ ಅಭ್ಯಾಸದಿಂದ ‘ಕಟ್ಟಿಸಿದೆ’ ಎಂಬುದನ್ನು ನೇರವಾಗಿ ‘ತತೆಸಸೆತ’ ಎಂದು ಮಾಡಿದರೆ ಒತ್ತಾಯ ಮಾಡಿ ಕಟ್ಟಿಸಿದ, ಅಪ್ಪಣೆ ಕೊಟ್ಟು ಕಟ್ಟಿಸಿದ ಎಂಬ ಧ್ವನಿ ಬಂದುಬಿಡುತ್ತದೆ. ಇನ್ನೊಬ್ಬರಿಂದ ಮಾಡಿಸಿಕೊಂಡದ್ದನ್ನು ಸ್ಪಷ್ಟವಾಗಿ ಹೇಳಲೇಬೇಕಿದ್ದರೆ ‘ತತೆತೆ ಮೊರತ್ತ’ ಎನ್ನಬೇಕು. ಅದರಲ್ಲಿ ಉಪಕಾರ ಪಡೆದ ಭಾವವಿದೆ.

ಮೂರನೆಯದು ‘ಇರು’ ಸೇರಿದಾಗಿನ ಅರ್ಥ. ‘ಇಯೆ ಒ ತತೆತೆ ಇರು’ ಎಂದರೆ ಮನೆ ಕಟ್ಟುತ್ತಿದ್ದಾರೆ, ಕೆಲಸ ನಡೆಯುತ್ತಿದೆ. ‘ಇಯೆ ಗ ತತ್ತೆ ಇರು’ ಎಂದರೆ ಮನೆ ನಿಂತಿದೆ, ಕೆಲಸ ಮುಗಿದಿದೆ. ಕಿವಿಗೆ ಇವು ತೀರಾ ಹತ್ತಿರ. ಕೆಲಸದ ಜಾಗದಲ್ಲಿ ಒಂದರ ಬದಲು ಇನ್ನೊಂದು ಕೇಳಿಸಿಕೊಂಡರೆ ಇಡೀ ವಿಷಯವೇ ತಲೆಕೆಳಗಾಗುತ್ತದೆ.

ಯಾರು ಕಟ್ಟಿದರೆಂಬುದು ಮುಖ್ಯವಲ್ಲದಾಗ ಕರ್ಮಣಿ ರೂಪ ‘ತತೆರರೆರು’ ಬರುತ್ತದೆ. 333 ಮೀಟರ್ ಎತ್ತರದ ಟೋಕಿಯೊ ಟವರ್ 1958ರಲ್ಲಿ ‘ತತೆರರೆತ’, ಅಂದರೆ ಕಟ್ಟಲ್ಪಟ್ಟಿತು. ಕನ್ನಡದಲ್ಲಿ ‘ಕಟ್ಟಲ್ಪಟ್ಟಿತು’ ಎಂಬುದು ಪುಸ್ತಕದ ಭಾಷೆಯಾಗಿ ಕೇಳಿಸುತ್ತದೆ, ಜಪಾನಿಯಲ್ಲಿ ಅದು ತೀರಾ ಸಹಜ.

## ‘ತತೆರು’ ಸಲ್ಲದ ಕಡೆ

ಸೇತುವೆ ನೆಟ್ಟಗೆ ನಿಲ್ಲುವ ವಸ್ತುವಲ್ಲ, ಈ ದಡದಿಂದ ಆ ದಡಕ್ಕೆ ಹಾಯುವಂಥದ್ದು. ಆದ್ದರಿಂದ ಅದಕ್ಕೆ ‘ಕಕೆರು’, ಅಂದರೆ ಅಡ್ಡಲಾಗಿ ಹಾಕು, ತೂಗುಹಾಕು. ಡೇರೆಗೆ ಸಾಮಾನ್ಯವಾಗಿ ‘ಹರು’, ಎಳೆದು ಬಿಗಿ. ಹಕ್ಕಿಯ ಗೂಡು, ಸಂಘ, ರಸ್ತೆ, ಅಣೆಕಟ್ಟು, ಹಡಗು ಇವಕ್ಕೆ ‘ತ್ಸುಕುರು’, ಮಾಡು, ತಯಾರಿಸು. ಈ ‘ತ್ಸುಕುರು’ವಿಗೂ ಒಂದಕ್ಕಿಂತ ಹೆಚ್ಚು ಕಾಂಜಿಗಳಿವೆ. ಅಡುಗೆ ಮಾಡುವಂಥ ದಿನನಿತ್ಯದ ಕೆಲಸಕ್ಕೆ ಒಂದು, ಹಡಗು ಅಥವಾ ಅಣೆಕಟ್ಟಿನಂಥ ದೊಡ್ಡ ಕೆಲಸಕ್ಕೆ ಇನ್ನೊಂದು, ಹೊಸದಾಗಿ ಸೃಷ್ಟಿಸುವುದಕ್ಕೆ ಮತ್ತೊಂದು. ಅಕ್ಕಿಯಿಂದ ಸಾಕೆ ಮದ್ಯ ತಯಾರಿಸುವುದು ಹಡಗಿನ ಗುಂಪಿಗೇ ಸೇರುತ್ತದೆ. ಪತ್ರಿಕೆಯ ವರದಿ, ಸರ್ಕಾರಿ ಕಾಗದಗಳಲ್ಲಿ ದೊಡ್ಡ ಕಾಮಗಾರಿಗಳಿಗೆ ‘ಕೆನ್ಸೆತ್ಸು ಸುರು’ ಎಂಬ ಗಂಭೀರ ಪದವಿದೆ. ನಮ್ಮ ‘ನಿರ್ಮಿಸು’ ಇದ್ದ ಹಾಗೆ ಅದು ಕಟ್ಟಡ, ರಸ್ತೆ, ಅಣೆಕಟ್ಟು ಎಲ್ಲಕ್ಕೂ ನಡೆಯುತ್ತದೆ.

## ಬಡಿದು ಗಟ್ಟಿಮಾಡುವ ‘ಕಿಝುಕು’

‘ತತೆರು’ವಿನ ಪಕ್ಕದಲ್ಲೇ ಇಟ್ಟು ಕಲಿಯಬೇಕಾದ ಪದ ‘ಕಿಝುಕು’. ‘ಕಿ’ ಎಂದರೆ ಹಳೆಯ ಜಪಾನಿಯಲ್ಲಿ ಕೋಟೆ, ‘ತ್ಸುಕು’ ಎಂದರೆ ಕುಟ್ಟಿ ಗಟ್ಟಿಮಾಡು. ಇವೆರಡೂ ಕೂಡಿ ‘ಕಿಝುಕು’ ಆಯಿತೆಂದು ಜಪಾನಿ ನಿಘಂಟುಗಳು ವಿವರಿಸುತ್ತವೆ. ಮಣ್ಣು ಹಾಕಿ, ಕುಟ್ಟಿ, ಅದರ ಮೇಲೆ ಮತ್ತೆ ಮಣ್ಣು ಹಾಕಿ ಏರಿಸುವ ಕೆಲಸ ಅದು. ಆದ್ದರಿಂದಲೇ ನದಿಯ ಒಡ್ಡು, ಕೋಟೆ, ಕಲ್ಲಿನ ಪೌಳಿ ಇವಕ್ಕೆ ‘ಕಿಝುಕು’ ಒಪ್ಪುತ್ತದೆ. ಕೆರೆ ತೋಡುವುದು ‘ತ್ಸುಕುರು’, ಏರಿ ಹಾಕುವುದು ‘ಕಿಝುಕು’. ಸಾಮಾನ್ಯ ಮನೆ ಕಟ್ಟುವುದಕ್ಕೆ ‘ಕಿಝುಕು’ ಹೊಂದುವುದಿಲ್ಲ.

ಕಾಲಕ್ರಮದಲ್ಲಿ, ಕಣ್ಣಿಗೆ ಕಾಣದ್ದನ್ನು ಕಟ್ಟುವುದಕ್ಕೆಲ್ಲ ಈ ಪದವೇ ನಿಂತಿತು. ವಿಶ್ವಾಸ ಬೆಳೆಸಿಕೊಳ್ಳುವುದು ‘ಶಿನ್‌ರಾಯ್ ಒ ಕಿಝುಕು’, ಆಸ್ತಿ ಮಾಡುವುದು ‘ಝೈಸಾನ್ ಒ ಕಿಝುಕು’. ಇಲ್ಲಿ ‘ತತೆರು’ ಹಾಕಿದರೆ ತಪ್ಪು. ಕಾರಣ ಸ್ಪಷ್ಟ: ಮನೆಯ ಎಲುಬುಗೂಡು ಒಂದು ದಿನದಲ್ಲಿ ನಿಲ್ಲಬಹುದು, ವಿಶ್ವಾಸ ಹಾಗೆ ನಿಲ್ಲುವುದಿಲ್ಲ, ಪದರ ಪದರವಾಗಿ ಗಟ್ಟಿಯಾಗಬೇಕು. ‘ಇಯೆ ಒ ತತೆರು’ ಎಂದರೆ ಮನೆ ಕಟ್ಟು, ‘ಕತೇ ಒ ಕಿಝುಕು’ ಎಂದರೆ ಸಂಸಾರ ಕಟ್ಟಿಕೊ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಜೋಡಿ ಇದು. ಜಪಾನಿಗಳು ಹುಚ್ಚೆದ್ದು ನೋಡುವ ಬೇಸ್‌ಬಾಲ್ ಆಟದಲ್ಲೂ ಈ ಪದಕ್ಕೆ ಜಾಗವಿದೆ. ಬ್ಯಾಟರ್‌ಗಳನ್ನು ಒಬ್ಬರ ಹಿಂದೆ ಒಬ್ಬರಂತೆ ಔಟ್ ಮಾಡುವ ಪಿಚರ್, ಅಂದರೆ ಚೆಂಡೆಸೆಯುವವನು, ‘ಸ್ಟ್ರೈಕ್‌ಔಟ್‌ಗಳ ಗುಡ್ಡವನ್ನೇ ಒಟ್ಟಿದ’ ಎನ್ನುವಾಗ ಬರುವುದು ‘ಕಿಝುಕು’.

ಒಂದು ಎಚ್ಚರಿಕೆ. ‘ಗಮನಕ್ಕೆ ಬರು, ಅರಿವಾಗು’ ಎಂಬ ಅರ್ಥದ ಇನ್ನೊಂದು ಕ್ರಿಯಾಪದವೂ ಇದೇ ಉಚ್ಚಾರಣೆಯದು, ಕಾಗುಣಿತ ಮಾತ್ರ ಬೇರೆ. ಪ್ರತ್ಯಯ ನೋಡಿ ಗುರುತಿಸಬಹುದು: ಕಟ್ಟುವ ‘ಕಿಝುಕು’ವಿನ ಹಿಂದೆ ‘ಒ’ ಬರುತ್ತದೆ, ಅರಿವಾಗುವುದರ ಹಿಂದೆ ‘ನಿ’ ಬರುತ್ತದೆ.

## ಎರಡೂ ಕೂಡಿ ‘ಕೆಂಚಿಕು’

‘ತತೆರು’ವಿನ ಕಾಂಜಿಯನ್ನು ಚೀನೀ ಮೂಲದ ಓದಿನಲ್ಲಿ ‘ಕೆನ್’ ಎನ್ನುತ್ತಾರೆ, ‘ಕಿಝುಕು’ವಿನ ಕಾಂಜಿಯನ್ನು ‘ಚಿಕು’ ಎನ್ನುತ್ತಾರೆ. ಎರಡೂ ಸೇರಿ ‘ಕೆಂಚಿಕು’, ಅಂದರೆ ವಾಸ್ತುಶಿಲ್ಪ. ಈ ಬಳಕೆ ಬೇರೂರಿ ಹೆಚ್ಚು ಕಾಲವಾಗಿಲ್ಲ. ಮೇಜಿ ಯುಗದಲ್ಲಿ (1868–1912) ಆ ವಿದ್ಯೆಗೆ ‘ಝೋಕ’, ಅಂದರೆ ಮನೆ ತಯಾರಿಕೆ, ಎಂಬ ಹೆಸರು ಚಾಲ್ತಿಯಲ್ಲಿತ್ತು. ದೇವಾಲಯ, ಸ್ಮಾರಕಗಳನ್ನೂ ಒಳಗೊಳ್ಳುವ ಕಲೆಗೆ ಅಷ್ಟು ಕಿರಿದಾದ ಹೆಸರು ಸಾಲದೆಂದು 1894ರಲ್ಲಿ ಇತೊ ಚೂತ ಎಂಬ ಯುವ ವಿದ್ವಾಂಸ ವಾದಿಸಿದರು. 1897ರಲ್ಲಿ ವಾಸ್ತುಶಿಲ್ಪಿಗಳ ಸಂಘ ‘ಝೋಕ’ ಬಿಟ್ಟು ‘ಕೆಂಚಿಕು’ ಎಂದು ಹೆಸರು ಬದಲಿಸಿಕೊಂಡಿತು.

ಇದೇ ಇತೊ 1902ರಿಂದ ಮೂರು ವರ್ಷ ಚೀನಾ, ಬರ್ಮಾ, ಭಾರತ, ತುರ್ಕಿ ಸುತ್ತಿದರು. ಟೋಕಿಯೊದ ತ್ಸುಕಿಜಿಯಲ್ಲಿ ಅವರ ವಿನ್ಯಾಸದಂತೆ 1934ರಲ್ಲಿ ಮುಗಿದ ಹೊಂಗಾನ್‌ಜಿ ದೇವಾಲಯದ ಮುಖದ ಕಮಾನು ನೋಡಿದರೆ ಭಾರತದ ಬೌದ್ಧ ಚೈತ್ಯಗಳು ಕಣ್ಣಮುಂದೆ ಬರುತ್ತವೆ. ‘ತ್ಸುಕಿಜಿ’ ಎಂಬ ಊರ ಹೆಸರಲ್ಲೂ ‘ಕಿಝುಕು’ವಿನ ಕಾಂಜಿ ಇದೆ, ತುಂಬಿ ಗಟ್ಟಿಮಾಡಿದ ನೆಲ ಎಂದು ಅದರ ಅರ್ಥ. 1657ರ ಭಾರಿ ಬೆಂಕಿಯಲ್ಲಿ ಹಳೆಯ ದೇವಾಲಯ ಸುಟ್ಟುಹೋದ ಮೇಲೆ ಭಕ್ತರು ಕೊಲ್ಲಿಯ ನೀರಿಗೆ ಮಣ್ಣು ತುಂಬಿ ಈ ನೆಲವನ್ನು ಮಾಡಿಕೊಂಡರು. 2018ರವರೆಗೆ ಟೋಕಿಯೊದ ಹೆಸರಾಂತ ಮೀನು ಮಾರುಕಟ್ಟೆ ಇದ್ದದ್ದೂ ಈ ತ್ಸುಕಿಜಿಯಲ್ಲೇ.

## ಮನೆ ಜಾಹೀರಾತು ಓದುವಾಗ

‘ತತೆರು’ವಿನಿಂದ ನಾಮಪದಗಳೂ ಆಗುತ್ತವೆ. ‘ತತೆಮೊನೊ’ ಎಂದರೆ ಕಟ್ಟಡ. ಸಮಾಸದ ಎರಡನೆಯ ಪದವಾದಾಗ ‘ತತೆ’ ಹೋಗಿ ‘ದತೆ’ ಆಗುತ್ತದೆ. ‘ನಿಕೈ’ ಅಂದರೆ ಎರಡು ಅಂತಸ್ತು, ‘ನಿಕೈದತೆ’ ಅಂದರೆ ಎರಡು ಅಂತಸ್ತಿನ ಕಟ್ಟಡ. ಶಾಲೆಯಲ್ಲಿ ಆದೇಶ ಸಂಧಿ ಕಲಿತವರಿಗೆ ಇದು ಹಳೆಯ ನಂಟು: ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ. ಜಪಾನಿಯಲ್ಲೂ ಉತ್ತರಪದದ ಮೊದಲ ‘ಕ’ ‘ಗ’ ಆಗುತ್ತದೆ, ‘ತ’ ‘ದ’ ಆಗುತ್ತದೆ. ಎಲ್ಲ ಸಮಾಸಗಳಲ್ಲೂ ಆಗುವುದಿಲ್ಲ, ಆದರೆ ಆಗುವ ಕಡೆ ಕನ್ನಡದ ಕಿವಿ ಬೇಗ ಹಿಡಿಯುತ್ತದೆ.

ಜಪಾನಿಗೆ ಹೋದವರು ಬಾಡಿಗೆ ಮನೆ ಹುಡುಕುವಾಗ ‘ಚಿಕು 15-ನೆನ್, ಮೊಕುಝೋ, ನಿಕೈದತೆ’ ಎಂಬಂಥ ಸಾಲನ್ನು ನೋಡುತ್ತಾರೆ. ‘ಚಿಕು 15-ನೆನ್’ ಎಂದರೆ ಕಟ್ಟಿ 15 ವರ್ಷವಾದದ್ದು; ಅದರಲ್ಲಿ ‘ಕಿಝುಕು’ವಿನ ಕಾಂಜಿ ಇದೆ. ‘ಮೊಕುಝೋ’ ಎಂದರೆ ಮರದಿಂದ ಮಾಡಿದ್ದು; ಅದರ ‘ಝೋ’ ಹಡಗು ಕಟ್ಟುವ ‘ತ್ಸುಕುರು’ವಿನ ಕಾಂಜಿ. ಕೊನೆಯ ‘ದತೆ’ ನಮ್ಮ ‘ತತೆರು’. ಬೇರೆ ಮನೆಗೆ ಗೋಡೆ ಹಂಚಿಕೊಳ್ಳದ ಒಂಟಿ ಮನೆಯಾದರೆ ‘ಇಕ್ಕೊದತೆ’ ಎಂದಿರುತ್ತದೆ. ಇವುಗಳಲ್ಲಿ ಮೊದಲು ಕಣ್ಣು ಹಾಯಿಸಬೇಕಾದದ್ದು ‘ಚಿಕು’ವಿನ ಮುಂದಿನ ಅಂಕಿಯ ಮೇಲೆ. ಭೂಕಂಪ ತಡೆಯುವ ಈಗಿನ ಕಟ್ಟುನಿಟ್ಟಿನ ನಿಯಮಗಳು ಜಾರಿಗೆ ಬಂದದ್ದು 1981ರ ಜೂನ್ 1ರಂದು. ಅದಕ್ಕಿಂತ ಮೊದಲು ಪರವಾನಗಿ ಪಡೆದ ಕಟ್ಟಡ ಹಳೆಯ ಲೆಕ್ಕದ್ದು, ಆಮೇಲಿನದು ಹೊಸ ಲೆಕ್ಕದ್ದು. ಹಳೆಯದಾದರೆ ಅದನ್ನು ಆಮೇಲೆ ಬಲಪಡಿಸಿದ್ದಾರೆಯೇ ಎಂದು ಬಾಡಿಗೆಯ ಮಾತಿಗೆ ಮುಂಚೆ ಕೇಳಿ ತಿಳಿದುಕೊಳ್ಳಬೇಕು.